ಬಾಲ್ಕನಿಯಲ್ಲೊಂದು ಟೇಬಲ್ ಸಾ: ಎಂಟು ತಿಂಗಳು ಬಳಸಿದ ಮೇಲೆ

ಪುಣೆಯ ಕೊಥ್ರೂಡ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟ್ ನಮ್ಮದು. ಅಂಥ ಕಡೆ ಮರಗೆಲಸದ ಹುಚ್ಚು ಹತ್ತಿದರೆ ದೊಡ್ಡ ಯಂತ್ರದ ಆಸೆ ಬಿಡಬೇಕು. ಹಾಗಾಗಿ ಹತ್ತು ಇಂಚಿನ ಪೋರ್ಟಬಲ್ ಟೇಬಲ್ ಸಾ (ಮೇಜಿನ ಸೀಳಿನಿಂದ ಗರಗಸದ ದುಂಡು ಬ್ಲೇಡ್ ಮೇಲೆ ಬಂದಿರುವ ಯಂತ್ರ) ತಂದೆ. ಕಂಪನಿ ಹೆಸರು ಬೇಡ ಬಿಡಿ.

ಪ್ಲೈವುಡ್ ಸೀಳೋದಕ್ಕೆ ಪೆಟ್ಟಿಗೆಯಿಂದ ತೆಗೆದ ಹಾಗೇ ಸಾಕು. ಮೋಟಾರಿಗೆ ಶಕ್ತಿ ಇದೆ. ಜೋಡಣೆ ಕೆಲಸಕ್ಕೆ ಇಳಿದಾಗಲೇ ಬಣ್ಣ ಬಯಲಾಗೋದು. ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ ಸಾಗುವಾನಿ ತಂದು, ಅರ್ಧರ್ಧ ಕಚ್ಚು ಹಾಕಿ (ಎರಡೂ ತುಂಡಿನ ಅರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸಿ) ಒಂದು ಚೌಕಟ್ಟು ಮಾಡಿದೆ. ಮೂರು ಮೂಲೆ ಕೂತವು, ನಾಲ್ಕನೆಯದರಲ್ಲಿ ಎಟಿಎಂ ಕಾರ್ಡ್ ತೂರುವಷ್ಟು ಸಂದು! ಧಾರವಾಡದ ಸೋದರಮಾವನಿಗೆ ಫೋನ್ ಮಾಡಿ ಮರ ಸರಿ ಇಲ್ಲ ಅಂದೆ. "ಮೊದಲ ಪ್ಲಗ್ ಕಿತ್ತು ಬ್ಲೇಡ್ ನೆಟ್ಟಗೈತೇನ ನೋಡಪಾ, ಕಟ್ಟಿಗೀನ ಆಮ್ಯಾಲೆ ಬೈಯುವಂತಿ" ಅಂದರು.

ನೋಡಿದೆ. ಬ್ಲೇಡನ್ನು ಪೂರ್ತಿ ಮೇಲೆತ್ತಿ ಒಂದು ಹಲ್ಲಿಗೆ ಪೆನ್ನಿನ ಗುರುತು ಹಾಕಿ, ಆ ಹಲ್ಲು ಮುಂದಿದ್ದಾಗ ಒಮ್ಮೆ, ತಿರುಗಿಸಿ ಹಿಂದೆ ತಂದು ಇನ್ನೊಮ್ಮೆ, ಮೈಟರ್ ಸ್ಲಾಟಿನಿಂದ (ಟೇಬಲ್ ಮೇಲೆ ಬ್ಲೇಡಿನ ಪಕ್ಕದಲ್ಲಿರುವ ಉದ್ದನೆಯ ತೋಡು) ಅದಕ್ಕಿರುವ ದೂರ ಅಳೆಯಬೇಕು, ಒಂದೇ ಹಲ್ಲು ಯಾಕೆಂದರೆ ಬ್ಲೇಡ್ ಸ್ವಲ್ಪ ಸೊಟ್ಟ ಇದ್ದರೂ ಲೆಕ್ಕ ತಪ್ಪಬಾರದು ಅಂತ. ನನ್ನ ಬ್ಲೇಡ್ ಸರಿಯಿತ್ತು. ಫೆನ್ಸ್ (ಸೀಳುವಾಗ ಮರ ಆನಿಸುವ ನೇರ ಪಟ್ಟಿ) ಮಾತ್ರ ಹಿಂದುಗಡೆ ಬ್ಲೇಡಿನ ಕಡೆಗೆ ಸುಮಾರು ಒಂದು ಮಿಲಿಮೀಟರ್ ವಾಲಿತ್ತು. ಇದು ಬರೀ ಅಳತೆಯ ಮಾತಲ್ಲ, ಮರ ಸಿಕ್ಕಿಹಾಕಿಕೊಂಡು ಎದೆಗೇ ಹಾರಿ ಬರಬಹುದು. ಬೋಲ್ಟ್ ಸಡಿಲಿಸಿ ಸರಿಮಾಡಿದ ಮೇಲೆ ಸಾಗುವಾನಿಯ ಅಂಚು ಕಪ್ಪಾಗಿ ಸುಡೋದೂ ನಿಂತಿತು.

ಜೊತೆಗೆ ಬಂದ ಮೈಟರ್ ಗೇಜ್ (ಅಡ್ಡ ಕತ್ತರಿಸುವಾಗ ಮರವನ್ನು ಬೇಕಾದ ಕೋನಕ್ಕೆ ಹಿಡಿದು ತಳ್ಳುವ ಸಾಧನ) ಸ್ಲಾಟಿನಲ್ಲಿ ಗಡಗಡ ಅಲ್ಲಾಡುತ್ತೆ. ಅದನ್ನು ನಂಬಿ 90 ಡಿಗ್ರಿ ಕತ್ತರಿಸೋದು ಆಗದ ಮಾತು. ಪ್ಲೈವುಡ್ಡಿನಲ್ಲಿ ಕ್ರಾಸ್‌ಕಟ್ ಸ್ಲೆಡ್, ಅಂದರೆ ಮರ ಇಟ್ಟು ಬ್ಲೇಡಿನತ್ತ ತಳ್ಳುವ ಜಾರುಹಲಗೆ, ಮಾಡಿಕೊಂಡೆ. ಅದರ ಫೆನ್ಸನ್ನು ಮೂಲೆಮಟ್ಟ ಇಟ್ಟು ಕೂರಿಸಿದರೆ ಸಾಲದು, ಐದು ಕಟ್ ಹಾಕಿ ನೋಡಬೇಕು. 400 ಮಿಮೀ ಚೌಕದ ಹಲಗೆಯ ಒಂದು ಅಂಚು ಕತ್ತರಿಸಿ, ಕತ್ತರಿಸಿದ ಅಂಚನ್ನೇ ಫೆನ್ಸಿಗೆ ಒತ್ತಿ ಮುಂದಿನದು, ಹೀಗೆ ನಾಲ್ಕೂ ಅಂಚು ಸುತ್ತಿ ಐದನೆಯ ಕಟ್‌ನಲ್ಲಿ ಒಂದು ಪಟ್ಟಿ ಬಿಡಿಸಿಕೊಳ್ಳಬೇಕು. ಆ ಪಟ್ಟಿಯಲ್ಲಿ ತಪ್ಪು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತೆ. ವರ್ನಿಯರಿನಲ್ಲಿ ನನ್ನ ಪಟ್ಟಿಯ ಒಂದು ತುದಿ 25.6 ಮಿಮೀ, ಇನ್ನೊಂದು 24.4. ವ್ಯತ್ಯಾಸ 1.2, ನಾಲ್ಕರಿಂದ ಭಾಗಿಸಿದರೆ 400 ಮಿಮೀಗೆ 0.3 ಸೊಟ್ಟ. ಫೆನ್ಸಿನ ಒಂದು ತುದಿ ಕೂದಲೆಳೆಯಷ್ಟು ತಳ್ಳಿ ಮತ್ತೆ ಐದು ಕಟ್, ಮತ್ತೆ ಐದು ಕಟ್. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು, ಕೊನೆಗೆ 0.05ಕ್ಕೆ ಬಂತು. ಈಗ ಕಚ್ಚುಗಳು ಅಂಗೈಯಲ್ಲಿ ಒತ್ತಿದರೆ ಕೂರುತ್ತವೆ, ಸುತ್ತಿಗೆ ಬೇಡ.

ಸ್ಲೆಡ್ ಜಾಸ್ತಿ ದೊಡ್ಡದು ಮಾಡಬೇಡಿ. ಟೇಬಲ್ ಚಿಕ್ಕದು, ಮುಂದಕ್ಕೆ ಎಳೆದಾಗ ತೂಗಿ ಬೀಳುತ್ತೆ. ಅಡಿಯ ಪಟ್ಟಿ ಮರದ್ದಾದರೆ ಇಲ್ಲಿನ ಮಳೆಗಾಲದಲ್ಲಿ ಉಬ್ಬಿ ಸ್ಲಾಟಿನಲ್ಲಿ ಕಚ್ಚಿಕೊಳ್ಳುತ್ತೆ. ಜುಲೈನಲ್ಲಿ ಮೇಣದಬತ್ತಿ ಉಜ್ಜಿ ಉಜ್ಜಿ ಸಾಕಾಗಿ ಅಲ್ಯೂಮಿನಿಯಂ ಪಟ್ಟಿ ಹಾಕಿದೆ.

ಜೊತೆಗೆ ಬಂದ 24 ಹಲ್ಲಿನ ಬ್ಲೇಡ್ ಸೀಳೋದಕ್ಕೆ ಮಾತ್ರ. ಅಡ್ಡ ಕತ್ತರಿಸೋದಕ್ಕೆ 60 ಹಲ್ಲಿನದು ತಂದೆ. ಕೊಳ್ಳುವಾಗ ನಡುವಿನ ತೂತು ನೋಡಿಕೊಳ್ಳಿ, 25.4 ಮತ್ತು 30 ಮಿಮೀ ಎರಡೂ ಸಿಗುತ್ತವೆ. ತೆಳು ಬ್ಲೇಡ್ ಆಸೆಗೆ ಬೀಳಬೇಡಿ, ಹಿಂದಿರುವ ರೈವಿಂಗ್ ನೈಫ್ (ಸೀಳಿದ ಮರ ಮತ್ತೆ ಮುಚ್ಚಿ ಬ್ಲೇಡನ್ನು ಕಚ್ಚದಂತೆ ತಡೆಯುವ ತಗಡು) ಅದಕ್ಕಿಂತ ದಪ್ಪ ಇದ್ದರೆ ಮರ ಅಲ್ಲೇ ನಿಂತುಬಿಡುತ್ತೆ. ಅದಕ್ಕೇ ಅಂತ ನೈಫನ್ನೇ ಕಿತ್ತಿಡುವವರೂ ಇದ್ದಾರೆ, ದಯವಿಟ್ಟು ಬೇಡ.

ಜಾಗ ಇಲ್ಲದವರು, ಒಂದೆರಡು ಭಾನುವಾರ ಕಳೆಯಲು ತಯಾರಿದ್ದವರು ಧೈರ್ಯವಾಗಿ ಕೊಳ್ಳಿ. ತಂದ ದಿನವೇ ಸ್ಟೂಲ್ ಆಗಬೇಕು ಅನ್ನೋರಿಗೆ ಇದಲ್ಲ. ಶಬ್ದ ಮಾತ್ರ ವಿಪರೀತ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ನಾನಂತೂ ಮುಟ್ಟೋದಿಲ್ಲ, ಕೆಳಗಿನ ಮನೆಯ ಆಜೋಬಾ (ಅಜ್ಜ) ಮಲಗಿರುತ್ತಾರೆ. ಅವರ ಒಣಹಾಕಿದ ಧೋತಿಯ ಮೇಲೆ ಹೊಟ್ಟು ಬೀಳೋದನ್ನು ತಪ್ಪಿಸುವ ದಾರಿ ಇನ್ನೂ ಸಿಕ್ಕಿಲ್ಲ.