ಕೋಸ್ಟರಿಕಾಗೆ ಶಾಲಾ ಪ್ರವಾಸ: ಟಾರ್ಟುಗೆರೊ ಒಳ್ಳೆಯದೋ, ಮಾಂಟೆವರ್ಡೆಯೋ?

ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಒಂದೇ ಕಾಡು ತೋರಿಸಲು ಪುರುಸೊತ್ತಿದ್ದರೆ ಮೊದಲು ಕ್ಯಾಲೆಂಡರ್ ನೋಡಿ. ಕೆರಿಬಿಯನ್ ಕರಾವಳಿಯ ಕಾಡೂರು ಟಾರ್ಟುಗೆರೊದ ದಡದಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವುದು ಜುಲೈಯಿಂದ ಅಕ್ಟೋಬರ್‌ವರೆಗೆ. ಆಗ ಹೋಗುವುದಾದರೆ ನಮ್ಮ ಮತ ಅಲ್ಲಿಗೇ. ಕತ್ತಲಲ್ಲಿ ಗೈಡ್‌ನ ಮಂದ ಕೆಂಪು ಬೆಳಕು. ಹಿಂಗಾಲಿನಿಂದ ತೋಡಿದ ಗುಂಡಿಗೆ ನೂರರ ಆಸುಪಾಸು ಮೊಟ್ಟೆ ಒಂದೊಂದಾಗಿ, ಜೋಡಿಯಾಗಿ ಬೀಳುತ್ತವೆ. ಬೆಳಕಿಗೆ ಆಮೆ ಬೆದರಿ ಕಡಲಿಗೆ ಮರಳುತ್ತದೆ, ಹಾಗಾಗಿ ಫೋನ್, ಕ್ಯಾಮೆರಾ ಸುತರಾಂ ಇಲ್ಲ. ಬಟ್ಟೆ ಗಾಢ ಬಣ್ಣದ್ದಿರಲಿ. ಇದನ್ನು ಮಕ್ಕಳಿಗೆ ಮನೆಯಿಂದ ಹೊರಡುವ ಮುಂಚೆಯೇ ಹೇಳಬೇಕು, ದಡದಲ್ಲಲ್ಲ.

ತೊಡಕೂ ಇದೆ. ಊರಿಗೆ ರಸ್ತೆಯಿಲ್ಲ; ಲಾ ಪವೋನಾ ಎಂಬ ದೋಣಿಗಟ್ಟೆಯಿಂದ ಸುಮಾರು ಒಂದು ಗಂಟೆ ದೋಣಿ. ದೊಡ್ಡ ಸೂಟ್‌ಕೇಸ್ ಬೇಡ, ಬೆನ್ನುಚೀಲದೊಳಗೆ ಪ್ಲಾಸ್ಟಿಕ್ ಕವರ್‌ನಲ್ಲಿ ಬಟ್ಟೆ ಸಾಕು. ಸೆಳೆತ ಜೋರು, ಕಡಲಿಗಿಳಿಯಲು ಬಿಡಬೇಡಿ.

ತೀವ್ರ ಆಸ್ತಮಾ, ಅಲರ್ಜಿಯ ಮಕ್ಕಳಿದ್ದರೆ ಮಾಂಟೆವರ್ಡೆ ಮೇಲು: ಅಲ್ಲಿಗೆ ರಸ್ತೆಯಿದೆ, ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದರೂ ದೋಣಿಗೆ ಕಾಯಬೇಕಿಲ್ಲ. ಸುಮಾರು 1,400 ಮೀಟರ್ ಎತ್ತರದ ಮಂಜಿನ ಕಾಡು, ತೂಗುಸೇತುವೆಗಳು. ‘ಉಷ್ಣವಲಯ’ ಎಂದು ಸ್ವೆಟರ್ ಬಿಟ್ಟುಹೋದವರು ರಾತ್ರಿ ನಡುಗುತ್ತಾರೆ. ತಿರುವಿನ ದಾರಿ, ವಾಂತಿಯ ಮಾತ್ರೆಯನ್ನು ಬಸ್ ಹತ್ತುವ ಅರ್ಧ ಗಂಟೆ ಮೊದಲೇ, ಪೋಷಕರ ಲಿಖಿತ ಒಪ್ಪಿಗೆ ಇದ್ದರಷ್ಟೇ ಕೊಡಿ.