ತರಗತಿಯ ಚರ್ಚೆಗೆ ವಿಡಿಯೊ ಭಾಷಣವೇ, ಧ್ವನಿಮುದ್ರಿಕೆಯೇ, ಊರಿನ ಹಿರಿಯರೇ?

ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯಲ್ಲಿ ಚರ್ಚೆ ಹುಟ್ಟಿಸಲು ಈ ಮೂರರಲ್ಲಿ ಯಾವುದು ಹೊಂದುತ್ತದೆ ಎಂದು ಕೇಳಿದ್ದೀರಿ. ಮೊದಲ ಮಾತು ವಿದ್ಯುತ್ತಿನದು. ಆಷಾಢದ ಮಳೆಯಲ್ಲಿ ಅದನ್ನು ನಂಬಿ ಪಾಠ ಹೂಡಬೇಡಿ. ವಿಡಿಯೊ ಮೊದಲೇ ಇಳಿಸಿಕೊಂಡರೂ ಪ್ರೊಜೆಕ್ಟರಿಗೆ ಕರೆಂಟು ಬೇಕು. ಧ್ವನಿಮುದ್ರಿಕೆಗೆ ಮೊಬೈಲ್ ಮತ್ತು ಬ್ಯಾಟರಿ ಸ್ಪೀಕರ್ ಸಾಕು. ಹೆಂಚಿನ ಮೇಲೆ ಮಳೆ ಸುರಿಯುವಾಗ ಮಾತ್ರ ಅದೂ ಕೇಳಿಸದು.

ಸಮಯದ ಲೆಕ್ಕವೂ ಇದೆ. ಅಂತರ್ಜಾಲದಲ್ಲಿ ಸಿಗುವ ಟೆಡ್ (TED) ವೇದಿಕೆಯ ವಿಡಿಯೊ ಭಾಷಣದ ಮಿತಿ 18 ನಿಮಿಷ. ಪೂರ್ತಿ ತೋರಿಸಿದರೆ ಅರ್ಧ ಪೀರಿಯಡ್ಡೇ ಹೋಗುತ್ತದೆ. ನಾನಾದರೆ ಐದಾರು ನಿಮಿಷದ ತುಣುಕು ಆರಿಸಿ, ವಾದ ಕಾವೇರಿದ ಕಡೆ ನಿಲ್ಲಿಸಿ, ‘ಇದನ್ನು ಒಪ್ಪುತ್ತೀರಾ?’ ಎಂದು ಕೇಳುತ್ತೇನೆ. ಅದೇ ವಾಕ್ಯವನ್ನು ಮತ್ತೆ ಕೇಳಿಸಬಹುದು. ರೆಕಾರ್ಡ್ ಆದ ಭಾಷಣದ ದೊಡ್ಡ ಬಲ ಇದೇ. ತರಗತಿಗೆ ಬಂದ ಹಿರಿಯರನ್ನು ಹಾಗೆ ತಡೆಯಲಾಗದು.

ಆದರೆ ವಿಷಯ ಶರಾವತಿ ಅಣೆಕಟ್ಟಿನ ಮುಳುಗಡೆಯೋ ಗೇಣಿದಾರ ರೈತರ 1951ರ ಕಾಗೋಡು ಸತ್ಯಾಗ್ರಹವೋ ಆದರೆ ಹಿರಿಯರನ್ನೇ ಕರೆಯಿರಿ. ನೆಲ ಕಳೆದುಕೊಂಡ ಮನೆಯವರು ಮುಂದೆ ಕುಳಿತಾಗ ಮಕ್ಕಳು ಕೇಳುವ ಪ್ರಶ್ನೆಯೇ ಬೇರೆ. ಜಾತಿ, ವರದಕ್ಷಿಣೆಯ ಚರ್ಚೆಯಲ್ಲಿ ಅದೇ ಹತ್ತಿರದ ನಂಟು ಬಾಯಿ ಕಟ್ಟುತ್ತದೆ. ಎದುರಿಗಿರುವವರು ಗೆಳತಿಯ ಅಜ್ಜನಾಗಿರಬಹುದು. ಅಲ್ಲಿ ಅಪರಿಚಿತ ಧ್ವನಿಯೊಂದು ಮಕ್ಕಳಿಗೆ ಮಾತನಾಡುವ ಧೈರ್ಯ ಕೊಡುತ್ತದೆ.