ಫ್ಲೈವೇ ಬೇಕಾ, ಲಿಕ್ವಿಬೇಸ್ ಬೇಕಾ?

ಡೇಟಾಬೇಸ್‌ನ ಟೇಬಲ್, ಕಾಲಮ್‌ಗಳಿಗೆ ಮಾಡುವ ಬದಲಾವಣೆಗಳನ್ನು (ಮೈಗ್ರೇಷನ್‌ಗಳನ್ನು) ಫೈಲ್‌ಗಳಲ್ಲಿ ಬರೆದಿಟ್ಟು ಓಡಿಸುವ ಟೂಲ್‌ಗಳು ಇವೆರಡು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ, ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಪ್ರಾಜೆಕ್ಟ್‌ಗಳಲ್ಲಿ ಎರಡನ್ನೂ ಬಳಸಿದ್ದೇನೆ. ಒಂದೇ ಬಗೆಯ ಡೇಟಾಬೇಸ್ ಇರುವ ಟೀಮ್‌ಗೆ ನನ್ನ ಓಟು ಫ್ಲೈವೇಗೆ.

ಫ್ಲೈವೇಯಲ್ಲಿ ಕಲಿಯೋದು ಕಮ್ಮಿ. ವಿ12 (ಅಂದರೆ 12ನೇ ಆವೃತ್ತಿ), ಎರಡು ಅಂಡರ್‌ಸ್ಕೋರ್, ಒಂದು ಹೆಸರು ಅಂತ ಫೈಲ್ ಮಾಡಿ, ಒಳಗೆ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಬರೆದರೆ ಆಯಿತು. ರಿವ್ಯೂ ಮಾಡುವವರು ಏನು ಓದುತ್ತಾರೋ ಅದೇ ಡೇಟಾಬೇಸ್‌ನಲ್ಲಿ ಓಡುತ್ತದೆ. ಓಡಿದ ಫೈಲ್‌ನ ಚೆಕ್‌ಸಮ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಒಂದು ಹಿಸ್ಟರಿ ಟೇಬಲ್‌ನಲ್ಲಿ ಉಳಿಯುತ್ತದೆ. ಹಳೆಯ ಫೈಲನ್ನು ಯಾರಾದರೂ ತಿದ್ದಿದರೆ ಮುಂದಿನ ಸಲ ಅಲ್ಲೇ ನಿಲ್ಲಿಸಿಬಿಡುತ್ತದೆ. ತೊಂದರೆ ಇರೋದು ನಂಬರಿನಲ್ಲಿ. ಇಬ್ಬರು ಬೇರೆ ಬೇರೆ ಬ್ರಾಂಚ್‌ನಲ್ಲಿ (ಕೋಡಿನ ಪ್ರತ್ಯೇಕ ಕವಲಿನಲ್ಲಿ) ವಿ12 ಅಂತಲೇ ಹೆಸರಿಟ್ಟರೆ, ಮರ್ಜ್ ಆದಮೇಲೆ ಜಗಳ ಶುರು. ನಂಬರಿನ ಬದಲು ದಿನಾಂಕ, ಸಮಯ ಹಾಕಿದರೆ ಹೆಚ್ಚುಕಮ್ಮಿ ಸರಿಹೋಗುತ್ತದೆ.

ಲಿಕ್ವಿಬೇಸ್‌ನಲ್ಲಿ ಈ ಜಗಳ ಇಲ್ಲ. ಪ್ರತಿ ಚೇಂಜ್‌ಸೆಟ್‌ನ (ಒಟ್ಟಿಗೆ ಬರೆದ ಬದಲಾವಣೆಯ) ಗುರುತು ಐಡಿ, ಬರೆದವರ ಹೆಸರು, ಫೈಲ್‌ನ ಪಾತ್ ಮೂರೂ ಸೇರಿ ಆಗುತ್ತದೆ. ಎಕ್ಸ್‌ಎಂಎಲ್ ಅಥವಾ ಯಾಮಲ್ ಎಂಬ ಫೈಲ್ ರೂಪದಲ್ಲಿ ಬರೆದರೆ ಆಯಾ ಡೇಟಾಬೇಸ್‌ಗೆ ತಕ್ಕ ಎಸ್‌ಕ್ಯೂಎಲ್ ಅದೇ ಮಾಡಿಕೊಡುತ್ತದೆ. ಒಬ್ಬ ಗ್ರಾಹಕರ ಹತ್ತಿರ ಒರಾಕಲ್, ಇನ್ನೊಬ್ಬರ ಹತ್ತಿರ ಪೋಸ್ಟ್‌ಗ್ರೆಸ್ ಇದ್ದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಆರಿಸಿ.

ಜಾಸ್ತಿ ಜನ ಲಿಕ್ವಿಬೇಸ್ ಕಡೆ ವಾಲೋದು ರೋಲ್‌ಬ್ಯಾಕ್‌ಗಾಗಿ, ಅಂದರೆ ಮಾಡಿದ ಬದಲಾವಣೆಯನ್ನು ಹಿಂದಕ್ಕೆ ತೆಗೆಯೋದಕ್ಕಾಗಿ. ಫ್ಲೈವೇಯಲ್ಲಿ ಅದೇ ಕೆಲಸದ ಅನ್‌ಡೂ ಬೇಕಂದರೆ ದುಡ್ಡು ಕೊಡಬೇಕು. ಆದರೆ ಸ್ವಲ್ಪ ಯೋಚಿಸಿ. ಸೋಮವಾರ ಫೋನ್ ನಂಬರಿಗೆ ಒಂದು ಕಾಲಮ್ ಸೇರಿಸಿದಿರಿ. ಬುಧವಾರ ರೋಲ್‌ಬ್ಯಾಕ್ ಕೊಟ್ಟಿರಿ. ಲಿಕ್ವಿಬೇಸ್ ಆ ಕಾಲಮನ್ನು ಡ್ರಾಪ್ ಮಾಡುತ್ತದೆ, ಅಂದರೆ ಅಳಿಸಿಹಾಕುತ್ತದೆ. ಎರಡು ದಿನ ಜನ ತುಂಬಿದ ನಂಬರುಗಳೂ ಅದರ ಜೊತೆ ಹೋದವು, ಅಲ್ವಾ? ಇನ್ನು ಟೇಬಲನ್ನೇ ಡ್ರಾಪ್ ಮಾಡಿದ್ದರೆ ರೋಲ್‌ಬ್ಯಾಕ್ ನೀವೇ ಬರೆಯಬೇಕು, ಬರೆದರೂ ಹಳೆಯ ಡೇಟಾ ವಾಪಸ್ ಬರುವುದಿಲ್ಲ. ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸುವ ಸಿಸ್ಟಮ್‌ನಲ್ಲಿ) ನಾನು ಹಿಂದಕ್ಕೆ ಹೋಗುವುದಿಲ್ಲ, ಸರಿಪಡಿಸುವ ಹೊಸ ಮೈಗ್ರೇಷನ್ ಬರೆಯುತ್ತೇನೆ. ಹಾಗಾಗಿ ಆ ಅನುಕೂಲಕ್ಕೆ ನನ್ನ ಲೆಕ್ಕದಲ್ಲಿ ಬೆಲೆ ಕಮ್ಮಿ.

ಎರಡು ಕಡೆಯಿಂದ ಒಟ್ಟಿಗೆ ಮೈಗ್ರೇಷನ್ ಓಡದಂತೆ ತಡೆಯುವ ಲಾಕ್ ವಿಷಯದಲ್ಲೂ ಫ್ಲೈವೇ ಹಗುರ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಅಡ್ವೈಸರಿ ಲಾಕ್ ಹಿಡಿಯುತ್ತದೆ, ಕನೆಕ್ಷನ್ ಹೋದರೆ ಲಾಕೂ ಹೋಗುತ್ತದೆ. ಲಿಕ್ವಿಬೇಸ್‌ನ ಲಾಕ್ ಅಂದರೆ ಒಂದು ಟೇಬಲ್‌ನಲ್ಲಿರುವ ಸಾಲು. ಮೈಗ್ರೇಷನ್ ನಡುವೆ ಕುಬರ್ನೆಟಿಸ್ ಪಾಡ್ (ಆ್ಯಪ್ ಓಡುತ್ತಿರುವ ಘಟಕ) ಸತ್ತರೆ ಆ ಸಾಲು ಹಾಗೇ ಉಳಿಯುತ್ತದೆ. ಹೊಸ ಪಾಡ್ ಸುಮ್ನೆ ಕಾಯುತ್ತಾ ಕೂರುತ್ತದೆ, ಯಾರಾದರೂ ರಿಲೀಸ್-ಲಾಕ್ಸ್ ಕಮಾಂಡ್ ಓಡಿಸಬೇಕಾಗುತ್ತದೆ.

ಮೈಎಸ್‌ಕ್ಯೂಎಲ್ ಬಳಸುವವರಿಗೆ ಒಂದು ಮಾತು. ಅಲ್ಲಿ ಆಲ್ಟರ್ ಟೇಬಲ್ (ಟೇಬಲಿನ ರಚನೆ ಬದಲಿಸುವ ಆದೇಶ) ತಾನಾಗೇ ಕಮಿಟ್ ಆಗುತ್ತದೆ, ಅಂದರೆ ತಕ್ಷಣ ಖಾಯಂ ಆಗುತ್ತದೆ. ಮೂರು ಆಲ್ಟರ್ ಇರುವ ಫೈಲ್ ಎರಡನೆಯದರಲ್ಲಿ ಮುಗ್ಗರಿಸಿದರೆ ಮೊದಲನೆಯದು ಹಾಗೇ ಉಳಿದಿರುತ್ತದೆ. ಟೂಲ್ ಯಾವುದೇ ಇರಲಿ, ಫೈಲ್‌ಗೋ ಚೇಂಜ್‌ಸೆಟ್‌ಗೋ ಒಂದೇ ಆಲ್ಟರ್ ಇಡಿ.